ಮಳೆ ಬಿದ್ದ ಬೆಳಿಗ್ಗೆ ಮಾತ್ರ ಫೋರ್ ವೀಲ್ ಬೀಳುವುದಿಲ್ಲ, ಮೋಟಾರ್ ಬದಲಿಸಿದರೂ ಅದೇ ಕಥೆ

ಮಕ್ಕಂದೂರು ಬದಿಯವ, ಜುಲೈ 6, ರಾತ್ರಿ 9.40

ನಮಸ್ಕಾರ. ಎರಡು ಮಳೆಗಾಲದಿಂದ ತಲೆ ತಿನ್ನುತ್ತಿರುವ ಒಂದು ತೊಂದರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಗಾಡಿ ಏಳು ಸೀಟಿನ ಡೀಸೆಲ್ ಎಸ್‌ಯುವಿ. ಒಂಬತ್ತು ವರ್ಷ ಹಳೆಯದು, 1,12,000 ಕಿಲೋಮೀಟರ್ ಓಡಿದೆ. ಕಂಪನಿ ಹೆಸರು ಬೇಡ, ಇಲ್ಲಿ ಜಗಳ ಶುರುವಾಗುತ್ತದೆ. ಲಿವರ್ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ತಿರುಗಿಸುವ ಸ್ವಿಚ್. ಟೂ ಹೈ, ಫೋರ್ ಹೈ, ಫೋರ್ ಲೋ. ಫೋರ್ ಬಿದ್ದರೆ ನಾಲ್ಕೂ ಚಕ್ರ ಎಳೆಯುತ್ತವೆ. ಬಾಕಿ ದಿನ ಹಿಂದಿನ ಚಕ್ರದಲ್ಲೇ ಓಡುತ್ತದೆ.

ಮನೆಯಿಂದ ಟಾರ್ ರಸ್ತೆಗೆ ಒಂದೂವರೆ ಕಿಲೋಮೀಟರ್. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಹಳೇ ದಾರಿ ಹೋಯಿತು. ಈಗಿರುವುದು ತೋಟದ ಅಂಚಿನಲ್ಲಿ ಜೆಸಿಬಿಯಲ್ಲಿ ಕಡಿಸಿದ ಮಣ್ಣು ದಾರಿ. ನಡುವೆ ಒಂದು ತಿರುವು, ತಿರುವು ಮುಗಿದ ಕೂಡಲೇ ಕೆಂಪು ಜೇಡಿಯ ಏರು. ಜೂನ್‌ನಿಂದ ಸೆಪ್ಟೆಂಬರ್ ತನಕ ಫೋರ್ ವೀಲ್ ಇಲ್ಲದೆ ಗಾಡಿ ಅದನ್ನು ಹತ್ತುವುದಿಲ್ಲ. ಮಕ್ಕಳಿಬ್ಬರನ್ನು ಏಳೂವರೆಗೆ ಸ್ಕೂಲ್ ಬಸ್ಸಿಗೆ ಬಿಡಬೇಕು. ಅವ್ವನನ್ನು ತಿಂಗಳಿಗೊಮ್ಮೆ ಮಡಿಕೇರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.

ತೊಂದರೆ ಏನೆಂದರೆ, ರಾತ್ರಿಯಿಡೀ ಮಳೆ ಹೊಡೆದ ಮಾರನೇ ಬೆಳಿಗ್ಗೆ ಸ್ವಿಚ್ ತಿರುಗಿಸಿದರೆ ಹಸಿರು ದೀಪ ಮಿಣುಕುತ್ತಲೇ ಇರುತ್ತದೆ. ಐದಾರು ಸೆಕೆಂಡ್ ಆದ ಮೇಲೆ ಅದು ಆರಿ ಹಳದಿ ವಾರ್ನಿಂಗ್ ಬರುತ್ತದೆ. ಮಧ್ಯಾಹ್ನ ಸ್ವಲ್ಪ ಹೊಳವಾದರೆ ಸಾಕು, ಅದೇ ಸ್ವಿಚ್ ತಿರುಗಿಸಿದರೆ ಟಕ್ ಅಂತ ಬೀಳುತ್ತದೆ.

ಕಳೆದ ವರ್ಷ ಸರ್ವಿಸ್ ಸೆಂಟರಿನಲ್ಲಿ ಫೋರ್ ವೀಲ್ ಹಾಕುವ ಶಿಫ್ಟ್ ಮೋಟಾರ್ ಹೋಗಿದೆ ಅಂದರು. 31 ಸಾವಿರ ಕೊಟ್ಟೆ. ಹದಿನೇಳು ದಿನ ಚೆನ್ನಾಗಿತ್ತು, ಮತ್ತೆ ಶುರು. ಮತ್ತೆ ಒಯ್ದೆ. ವೈರ್ ಜೋಡಿಸುವ ಕಪ್ಲರ್ ಬಿಚ್ಚಿ ಕ್ಲೀನ್ ಮಾಡಿದ್ದೇವೆ ಅಂದರು. ಮತ್ತೆ ಎರಡು ವಾರ ಸರಿ ಇತ್ತು. ಈಗ ಮೋಟಾರಿಗೆ ಆರ್ಡರ್ ಕೊಡುವ ಕಂಟ್ರೋಲ್ ಯೂನಿಟ್ ಬದಲಿಸೋಣ, 54 ಸಾವಿರ ಆಗುತ್ತದೆ, ಅದರಲ್ಲೂ ಸರಿಯಾಗದಿದ್ದರೆ ಮುಂದೆ ನೋಡೋಣ ಅನ್ನುತ್ತಾರೆ. ಈ ವರ್ಷ ಮೆಣಸು ಮಾರಿದ ದುಡ್ಡೆಲ್ಲ ಮುಂದೆ ನೋಡುವುದಕ್ಕೇ ಹೋಗುತ್ತದೆ. ಯಾರಿಗಾದರೂ ಹೀಗೆ ಆಗಿದೆಯಾ?

ಕಾಳುಮೆಣಸು, ಜುಲೈ 6, ರಾತ್ರಿ 9.52

ಶೀತ ಆಗಿರಬೇಕು. ಮೆಣಸು ಮಾರಬೇಡಿ, ಕಷಾಯ ಮಾಡಿ ಹಾಕಿ.

ಮೈಸೂರು ಸವಾರ, ಜುಲೈ 6, ರಾತ್ರಿ 10.15

ನಾಲ್ಕು ಟೈರೂ ಒಂದೇ ಸಮ ಸವೆದಿವೆಯಾ ನೋಡಿದ್ದೀರಾ? ಇಂಥ ಗಾಡಿಯಲ್ಲಿ ಫೋರ್ ಹೈ ಹಾಕಿದರೆ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎರಡೂ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ. ಮಧ್ಯದಲ್ಲಿ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇರುವುದಿಲ್ಲ. ಮುಂದೆ 8 ಮಿಲಿಮೀಟರ್ ಗುಂಡಿಯ (ಟೈರಿನ ಮೇಲಿನ ಉಬ್ಬಿನ) ಹೊಸ ಟೈರ್, ಹಿಂದೆ 3 ಮಿಲಿಮೀಟರ್ ಉಳಿದ ಹಳೇ ಟೈರ್ ಅಂದುಕೊಳ್ಳಿ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ 31 ಮಿಲಿಮೀಟರ್ ವ್ಯತ್ಯಾಸ. ಒಂದು ಕಿಲೋಮೀಟರಿಗೆ ಸುಮಾರು 13 ಮೀಟರ್. ಕೆಸರಿನಲ್ಲಿ ಟೈರ್ ಜಾರಿ ಅದು ಸರಿಹೋಗುತ್ತದೆ. ಟಾರ್ ಮೇಲೆ ಎಲ್ಲಿಗೂ ಹೋಗಲಾರದೆ ಶಾಫ್ಟ್, ಗೇರುಗಳನ್ನು ಹಿಂಡುತ್ತದೆ.

ಮಕ್ಕಂದೂರು ಬದಿಯವ, ಜುಲೈ 6, ರಾತ್ರಿ 10.31

ಮುಂದಿನ ಎರಡು ಹೊಸದು. ಹಿಂದಿನದು ಅರ್ಧ ಸವೆದಿದೆ. ಅದೇ ಕಾರಣ ಇರಬಹುದಾ?

ರಿಟೈರ್ಡ್ ಹವಾಲ್ದಾರ್, ಜುಲೈ 7, ಬೆಳಿಗ್ಗೆ 5.20

ತಮ್ಮಾ, ಟೈರಿನ ಮಾತು ಸರಿ. ನಾಲ್ಕೂ ಒಂದೇ ಸಮ ಮಾಡಿಸು. ಆದರೆ ನಿನ್ನ ಕಾಯಿಲೆ ಅದಲ್ಲ. ಟೈರ್ ಬೆಳಿಗ್ಗೆ ಒಂದು ಅಳತೆ, ಮಧ್ಯಾಹ್ನ ಒಂದು ಅಳತೆ ಇರುತ್ತದಾ? ಅಲ್ಲದೆ ಟೈರ್ ವ್ಯತ್ಯಾಸ ಇದ್ದರೆ ಫೋರ್ ವೀಲ್‌ನಿಂದ ವಾಪಸ್ ಬರಲು ಗಾಡಿ ಸತಾಯಿಸುತ್ತದೆ. ನಿಂತ ಗಾಡಿಯಲ್ಲಿ ಬೀಳದೇ ಇರುವುದಕ್ಕೆ ಕಾರಣ ಬೇರೆ.

ನಾನು ಸೈನ್ಯದಲ್ಲಿ ಗಾಡಿ, ಯಂತ್ರ ರಿಪೇರಿ ಮಾಡುವ ಇ.ಎಂ.ಇ. ದಳದಲ್ಲಿ ಇದ್ದವನು. ಜಬಲ್ಪುರದಲ್ಲಿ ಮಾಡುತ್ತಿದ್ದ ಸೈನ್ಯದ ಜೀಪು ಜೋಂಗಾದ ಹೊಟ್ಟೆ ಕೆಳಗೇ ಅರ್ಧ ಆಯಸ್ಸು ಕಳೆಯಿತು. ಅದರಲ್ಲಿ ಕಬ್ಬಿಣದ ಲಿವರ್, ಎಳೆದರೆ ಬೀಳಲೇಬೇಕು. ನಿನ್ನದರಲ್ಲಿ ಆ ಲಿವರಿನ ಕೆಲಸವನ್ನು ಒಂದು ಸಣ್ಣ ಮೋಟಾರ್ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಮೊದಲು ಕಾಯಿಲೆ ಹಿಂದೆಯೋ ಮುಂದೆಯೋ ಗೊತ್ತಾಗಲಿ. ಫೋರ್ ವೀಲ್ ಬೀಳಲು ಎರಡು ಕಡೆ ಕೆಲಸ ಆಗಬೇಕು. ಇಂಜಿನ್ ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಟ್ರಾನ್ಸ್‌ಫರ್ ಕೇಸ್ ಒಳಗೆ ಮುಂದಿನ ಶಾಫ್ಟ್ ಸೇರಬೇಕು. ಆಮೇಲೆ ಮುಂದಿನ ಆಕ್ಸಲ್ ಸೇರಬೇಕು. ಬಹಳ ಗಾಡಿಗಳಲ್ಲಿ ಈ ಎರಡನೆಯದನ್ನು ವ್ಯಾಕ್ಯೂಮ್ (ಗಾಳಿ ಹೀರುವ ಸೆಳೆತ) ಮಾಡುತ್ತದೆ. ತೊಂದರೆ ಇರುವ ಬೆಳಿಗ್ಗೆಯೇ ಸಮ ಜಾಗದಲ್ಲಿ ನಿಲ್ಲಿಸು. ಹ್ಯಾಂಡ್‌ಬ್ರೇಕ್ ಎಳಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಡು. ಗೇರಲ್ಲಿದೆ ಅಂತ ನಂಬಿ ಮಲಗಬೇಡ, ಟ್ರಾನ್ಸ್‌ಫರ್ ಕೇಸ್ ನಡುವೆ ನ್ಯೂಟ್ರಲ್‌ನಲ್ಲಿ ನಿಂತರೆ ಗೇರು ಗಾಡಿಯನ್ನು ಹಿಡಿಯುವುದಿಲ್ಲ. ಸ್ವಿಚ್ ಫೋರ್ ಹೈಗೆ ತಿರುಗಿಸು, ದೀಪದ ಆಟ ಮುಗಿಯಲಿ. ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಕೆಳಗೆ ಹೋಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡು. ಅಲುಗದಿದ್ದರೆ ಟ್ರಾನ್ಸ್‌ಫರ್ ಕೇಸ್ ತನ್ನ ಕೆಲಸ ಮಾಡಿದೆ, ಮುಂದಿನ ಆಕ್ಸಲ್ ನೋಡು. ಸುಲಭವಾಗಿ ತಿರುಗಿದರೆ ಮೋಟಾರ್ ಕಡೆ ನೋಡು.

ಶ್ರೀಮಂಗಲದ ಸೊಸೆ, ಜುಲೈ 7, ಬೆಳಿಗ್ಗೆ 8.05

ನಮ್ಮ ಗಾಡಿಯಲ್ಲಿ ಆಗಿದ್ದು ಮುಂದಿನ ಕಡೆಯದ್ದು. ಬಾನೆಟ್ ಒಳಗೆ ಪೆನ್ಸಿಲ್ ದಪ್ಪದ ರಬ್ಬರ್ ಪೈಪು ಇರುತ್ತವೆ, ವ್ಯಾಕ್ಯೂಮ್‌ನದ್ದು. ಮಳೆ ಬಿದ್ದ ಕೂಡಲೇ ಇಲಿಗಳು ಬೆಚ್ಚಗಿನ ಜಾಗ ಹುಡುಕಿಕೊಂಡು ಬಂದು ಇಂಜಿನ್ ಮೇಲೆ ಸಂಸಾರ ಹೂಡುತ್ತವೆ ಅಲ್ವಾ. ಒಂದು ಪೈಪನ್ನು ಅರ್ಧ ಕಚ್ಚಿದ್ದವು. ಇಂಜಿನ್ ಓಡುವಾಗ ಕಿವಿಗೊಟ್ಟರೆ ಸುಯ್ ಅಂತ ಸದ್ದು ಬರುತ್ತಿತ್ತು. ಎರಡು ಅಡಿ ಪೈಪು, 120 ರೂಪಾಯಿ. ಅದಕ್ಕೂ ಮೊದಲು ನಮ್ಮ ಯಜಮಾನರು ಮುಂದಿನ ಆಕ್ಸಲ್ಲೇ ಇಳಿಸಲು ಹೊರಟಿದ್ದರು. ಅದು ಬೇರೆ ಕಥೆ.

ಬೆಂಗಳೂರಲ್ಲಿರೋ ಕೊಡಗಿನವ, ಜುಲೈ 7, ಬೆಳಿಗ್ಗೆ 11.10

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಕಂಟ್ರೋಲ್ ಯೂನಿಟ್ ಹಾಕಿಸಿಬಿಡಿ. ಮೋಟಾರ್ ಹೊಸದು, ಉಳಿದಿದ್ದು ಅದೊಂದೇ ತಾನೆ?

ಗೋಣಿಕೊಪ್ಪ ವೈರ್‌ಮನ್, ಜುಲೈ 7, ಮಧ್ಯಾಹ್ನ 1.30

ಎರಡಕ್ಕೂ ನಡುವೆ ಮೂರು ಮೀಟರ್ ವೈರಿದೆ ಸಾರ್. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಓನರ್ ಅಣ್ಣ, ದುಡ್ಡು ಕೊಡಬೇಡಿ. ಹವಾಲ್ದಾರ್ ಸಾರ್ ಹೇಳಿದ ಟೆಸ್ಟ್ ಮಾಡಿ ಹೇಳಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ಪೂರ್ತಿ ಬರೆಯುತ್ತೇನೆ.

ಮಾಂದಲಪಟ್ಟಿ ಡ್ರೈವರ್, ಜುಲೈ 7, ಸಂಜೆ 4.45

ಮಾರಾಯ್ರೆ, ಅಲ್ಲಿಯವರೆಗೆ ಏರು ಹೇಗೆ ಹತ್ತುತ್ತೀರಿ? ಒಂದು ಮಾತು. ಏರಿನ ಮಧ್ಯ ಚಕ್ರ ಸುತ್ತಲು ಶುರುವಾದ ಮೇಲೆ ಸ್ವಿಚ್ ತಿರುಗಿಸಬೇಡಿ. ಮನೆ ಅಂಗಳದಲ್ಲೇ ಹಾಕಿ. ಮಿಣುಕುತ್ತಿದ್ದರೆ ಸ್ಟೇರಿಂಗ್ ನೆಟ್ಟಗಿಟ್ಟು ನಾಲ್ಕು ಅಡಿ ಮುಂದೆ, ನಾಲ್ಕು ಅಡಿ ಹಿಂದೆ ನಿಧಾನ ಹೋಗಿ ಬನ್ನಿ. ಹಲ್ಲಿಗೆ ಹಲ್ಲು ಸಿಕ್ಕದೆ ಕಾಯುತ್ತಿದ್ದರೆ ಅಷ್ಟಕ್ಕೇ ಬೀಳುತ್ತದೆ. ಬೀಳದಿದ್ದರೆ ಗಾಡಿಯನ್ನು ಅಂಗಳದಲ್ಲೇ ಬಿಟ್ಟು ಮಕ್ಕಳನ್ನು ನಡೆಸಿಕೊಂಡು ಹೋಗಿ. ಆ ಏರಿನಲ್ಲಿ ಹಿಂದಕ್ಕೆ ಜಾರಿದರೆ ನಿಲ್ಲಿಸುವುದು ಕಷ್ಟ.

ಮಕ್ಕಂದೂರು ಬದಿಯವ, ಜುಲೈ 8, ಬೆಳಿಗ್ಗೆ 9.15

ನಿನ್ನೆ ರಾತ್ರಿ ನಮ್ಮ ಅಂಗಳದ ಮಾಪಕದಲ್ಲಿ 4 ಇಂಚು ಮಳೆ. ಬೆಳಿಗ್ಗೆ ನಿರೀಕ್ಷಿಸಿದಂತೆ ಫೋರ್ ವೀಲ್ ಬೀಳಲಿಲ್ಲ. ಮೊದಲ ಸಲ ಅದಕ್ಕೆ ಖುಷಿಯಾಯಿತು!

ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಿಸಿ, ಕಲ್ಲು ಕೊಟ್ಟು, ಗೋಣಿಚೀಲ ಹಾಸಿ ಕೆಳಗೆ ಹೋದೆ. ಶಾಫ್ಟ್ ಎರಡು ಬೆರಳಲ್ಲಿ ತಿರುಗಿತು. ಅಂದರೆ ಟ್ರಾನ್ಸ್‌ಫರ್ ಕೇಸೇ ಬಿದ್ದಿಲ್ಲ. ಎದ್ದು ಬಂದು ನೋಡಿದರೆ ಕಾಲಿನಲ್ಲಿ ಮೂರು ಜಿಗಣೆ.

ಡ್ರೈವರ್ ಅಣ್ಣ, ಹಿಂದೆ ಮುಂದೆ ಮಾಡಿಯೂ ನೋಡಿದೆ, ಬೀಳಲಿಲ್ಲ. ಮಕ್ಕಳು ನಡೆದೇ ಹೋದರು. ಇನ್ನೊಂದು ವಿಷಯ. ಮಗ ಸ್ವಿಚ್ ತಿರುಗಿಸುವಾಗ ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿಸಿಕೊಂಡೆ. ಮಧ್ಯಾಹ್ನವಾದರೆ ಮೋಟಾರ್ ಝುಂಯ್ ಅಂತ ಒಂದೇ ಉಸಿರಿಗೆ ತಿರುಗುತ್ತದೆ. ಇವತ್ತು ಬೆಳಿಗ್ಗೆ ಉಂ... ಉಂ... ಅಂತ ನರಳಿ ಸುಮ್ಮನಾಯಿತು.

ಗೋಣಿಕೊಪ್ಪ ವೈರ್‌ಮನ್, ಜುಲೈ 8, ರಾತ್ರಿ 8.50

ನಿನ್ನೆ ಬರೆಯಲು ಆಗಲಿಲ್ಲ, ಕರೆಂಟಿರಲಿಲ್ಲ. ಒಳ್ಳೆಯದೇ ಆಯಿತು, ನೀವು ಹೇಳಿದ ಆ ನರಳುವ ಸದ್ದಿನಲ್ಲೇ ಮುಕ್ಕಾಲು ಉತ್ತರ ಇದೆ.

ಕಂಟ್ರೋಲ್ ಯೂನಿಟ್ ಸತ್ತಿದ್ದರೆ ಮೋಟಾರ್ ಉಸಿರೇ ಎತ್ತುತ್ತಿರಲಿಲ್ಲ. ಇಲ್ಲಿ ಆರ್ಡರ್ ಹೋಗುತ್ತಿದೆ, ಶಕ್ತಿ ಹೋಗುತ್ತಿಲ್ಲ. ಮೋಟಾರ್ ತಿರುಗಿ ಜಾಗಕ್ಕೆ ಬಂದಿದೆಯಾ ಅಂತ ಅದರೊಳಗಿನ ಸೆನ್ಸರ್ ಯೂನಿಟ್‌ಗೆ ಹೇಳಬೇಕು. ಕೆಲವು ಸೆಕೆಂಡ್ ಕಾದರೂ ಹೇಳದಿದ್ದರೆ ಯೂನಿಟ್ ಕೈಬಿಟ್ಟು ವಾರ್ನಿಂಗ್ ಹಾಕುತ್ತದೆ, ಕೋಡ್ ಬರೆದಿಟ್ಟುಕೊಳ್ಳುತ್ತದೆ. ಸ್ಕ್ಯಾನರಿನಲ್ಲಿ ಬರುವುದು "ಮೋಟಾರ್ ಸರ್ಕ್ಯೂಟ್" ಅಂತ. ಓದುವವರು ಮೋಟಾರ್ ಅನ್ನುವಲ್ಲಿಗೆ ನಿಲ್ಲಿಸುತ್ತಾರೆ, ಸರ್ಕ್ಯೂಟ್ ಅನ್ನುವುದನ್ನು ಬಿಡುತ್ತಾರೆ.

ಈಗ ಎಲ್ಲರೂ ಎಡವುವ ಜಾಗ. ವೈರ್ ಸರಿ ಇದೆಯಾ ಅಂತ ಮಲ್ಟಿಮೀಟರಿನಲ್ಲಿ ಬೀಪ್ ಇಟ್ಟು ನೋಡುತ್ತಾರೆ. ಬೀಪ್ ಬರುತ್ತದೆ, ವೈರ್ ಓಕೆ ಅನ್ನುತ್ತಾರೆ. ಮೀಟರ್ ಆ ವೈರಿನಲ್ಲಿ ಕಳಿಸುವುದು ಒಂದು ಮಿಲಿ ಆಂಪ್ ಆಸುಪಾಸು. ಇಪ್ಪತ್ತು ಎಳೆಯ ತಾಮ್ರದಲ್ಲಿ ಒಂದು ಎಳೆ ಉಳಿದಿದ್ದರೂ ಅಷ್ಟು ಹರಿಯುತ್ತದೆ. ಮೋಟಾರ್ ಕೇಳುವುದು ಆಂಪ್‌ಗಳ ಲೆಕ್ಕದಲ್ಲಿ. 8 ಆಂಪ್ ಅಂತಲೇ ಇಟ್ಟುಕೊಳ್ಳಿ. ವೈರಿನಲ್ಲಿ ಬರೀ 0.6 ಓಮ್ ಅಡ್ಡಿ ಇದ್ದರೂ 4.8 ವೋಲ್ಟ್ ಅಲ್ಲೇ ಸುಟ್ಟುಹೋಯಿತು. ಉಳಿದ ಏಳು ವೋಲ್ಟಲ್ಲಿ ಮೋಟಾರ್ ನರಳದೆ ಇನ್ನೇನು ಮಾಡುತ್ತದೆ? ಓಣಿಯಲ್ಲಿ ಒಬ್ಬ ನಡೆದು ಹೋಗಬಹುದು ಅಂತ ಲಾರಿ ಹೋಗುತ್ತದಾ, ಹಾಗೆ.

ಅದಕ್ಕೇ ಮೋಟಾರ್ ಕೆಲಸ ಮಾಡಲು ಹೋಗುತ್ತಿರುವಾಗಲೇ ಅಳೆಯಬೇಕು. ಹೀಗೆ ಮಾಡಿ. ತೊಂದರೆ ಇರುವ ಬೆಳಿಗ್ಗೆಯೇ ಆಗಬೇಕು, ಮಧ್ಯಾಹ್ನ ಅಳೆದು ಪ್ರಯೋಜನ ಇಲ್ಲ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಕಡ್ಡಿ ಕಂಟ್ರೋಲ್ ಯೂನಿಟ್ ಕಡೆಯ ಕಪ್ಲರಿನಲ್ಲಿ ಮೋಟಾರಿಗೆ ಹೋಗುವ ದಪ್ಪ ವೈರಿಗೆ. ಇನ್ನೊಂದು ಕಡ್ಡಿ ಮೋಟಾರ್ ಕಡೆಯ ಕಪ್ಲರಿನಲ್ಲಿ ಅದೇ ವೈರಿಗೆ. ಉದ್ದ ಸಾಲದಿದ್ದರೆ ಒಂದು ತುಂಡು ವೈರ್ ಸೇರಿಸಿಕೊಳ್ಳಿ. ಕಪ್ಲರ್ ಬಿಚ್ಚಬೇಡಿ, ಹಿಂದಿನಿಂದ ರಬ್ಬರ್ ಸೀಲ್ ಪಕ್ಕ ತೆಳ್ಳಗಿನ ಪಿನ್ ತೂರಿಸಿ. ಒಬ್ಬರು ಸ್ವಿಚ್ ತಿರುಗಿಸಲಿ, ಒಬ್ಬರು ಮೀಟರ್ ನೋಡಲಿ. ಅರ್ಧ ವೋಲ್ಟ್ ಒಳಗಿದ್ದರೆ ವೈರ್ ಚೆನ್ನಾಗಿದೆ. ಎರಡು ಮೂರು ವೋಲ್ಟ್ ತೋರಿಸಿದರೆ ಕಳ್ಳ ಆ ವೈರಿನಲ್ಲೇ ಇದ್ದಾನೆ. ಎರಡೂ ದಪ್ಪ ವೈರಿಗೆ ಹೀಗೆ ನೋಡಿ.

ಬೆಂಗಳೂರಲ್ಲಿರೋ ಕೊಡಗಿನವ, ಜುಲೈ 8, ರಾತ್ರಿ 9.30

ಆದರೆ ಮೋಟಾರ್ ಬದಲಿಸಿದ ಮೇಲೆ ಹದಿನೇಳು ದಿನ ಸರಿ ಇತ್ತಲ್ಲ? ವೈರ್ ತೊಂದರೆ ಆಗಿದ್ದರೆ ಒಂದು ದಿನವೂ ಸರಿ ಇರಬಾರದು.

ಗೋಣಿಕೊಪ್ಪ ವೈರ್‌ಮನ್, ಜುಲೈ 8, ರಾತ್ರಿ 9.41

ಒಳ್ಳೇ ಪ್ರಶ್ನೆ. ಮೋಟಾರ್ ಇಳಿಸುವಾಗ, ಕಪ್ಲರ್ ಎಳೆಯುವಾಗ ವೈರ್ ಬಗ್ಗುತ್ತದೆ, ತಿರುಚುತ್ತದೆ. ಕಿಲುಬು ಹಿಡಿದ ಎಳೆಗಳು ಒಂದಕ್ಕೊಂದು ಉಜ್ಜಿ ಸ್ವಲ್ಪ ದಿನ ಚೆನ್ನಾಗಿ ತಾಗಿರುತ್ತವೆ. ಎರಡನೇ ಸಲ ಬರೀ ಕಪ್ಲರ್ ಬಿಚ್ಚಿ ಹಾಕಿದ್ದಕ್ಕೂ ಎರಡು ವಾರ ಸರಿ ಇತ್ತು ಅಂತ ಬರೆದಿದ್ದಾರೆ, ನೋಡಿ. ಹೊಸ ಮೋಟಾರಿಗೆ ಎರಡು ವಾರ, ಸುಮ್ಮನೆ ಅಲುಗಾಡಿಸಿದ್ದಕ್ಕೂ ಎರಡು ವಾರ.

ರಿಟೈರ್ಡ್ ಹವಾಲ್ದಾರ್, ಜುಲೈ 9, ಬೆಳಿಗ್ಗೆ 5.05

ಶಾಭಾಷ್.

ಮಕ್ಕಂದೂರು ಬದಿಯವ, ಜುಲೈ 12, ರಾತ್ರಿ 8.20

ಸಿಕ್ಕಿತು! ಮೂರು ದಿನ ಮಳೆ ಕಾದು ಕೂತಿದ್ದೆ. ಹೊಳವು ಬಿಟ್ಟರೆ ಸಾಕು ಅನ್ನುವ ಜುಲೈಯಲ್ಲಿ ಮಳೆ ಬಾ ಅಂತ ಕಾದವನು ಇಡೀ ಜಿಲ್ಲೆಗೆ ನಾನೊಬ್ಬನೇ ಇರಬೇಕು.

ಇವತ್ತು ಬೆಳಿಗ್ಗೆ ಆರಕ್ಕೆ ಮಗ ಸ್ವಿಚ್ ಹತ್ತಿರ, ನಾನು ಕೆಳಗೆ. ಕಂದು ಬಣ್ಣದ ದಪ್ಪ ವೈರಿನಲ್ಲಿ 0.2 ವೋಲ್ಟ್. ನೀಲಿ ವೈರಿಗೆ ಇಟ್ಟೆ. ಮೋಟಾರ್ ಉಂ ಅಂದ ಕೂಡಲೇ ಮೀಟರ್ 5.1ಕ್ಕೆ ಹಾರಿತು. ಮತ್ತೆ ಮಾಡಿಸಿದೆ, 4.9. ಅದೇ ವೈರಿಗೆ ಬೀಪ್ ಇಟ್ಟರೆ ಚೆನ್ನಾಗಿ ಬೀಪ್ ಅನ್ನುತ್ತದೆ!

ಮತ್ತೆ ಖಾತ್ರಿಗೆ, ವೈರ್‌ಮನ್ ಅಣ್ಣ ಫೋನಿನಲ್ಲಿ ಹೇಳಿದ ಹಾಗೆ, ನೀಲಿ ವೈರಿನ ಪಕ್ಕ ಒಂದು ಹೊಸ ವೈರನ್ನು ಆ ತುದಿಯಿಂದ ಈ ತುದಿಗೆ ತಾತ್ಕಾಲಿಕವಾಗಿ ಕೊಟ್ಟೆ. ಸ್ವಿಚ್ ತಿರುಗಿಸಿದ ಕೂಡಲೇ ಝುಂಯ್, ಟಕ್. ದೀಪ ನಿಂತಿತು. ಸುತ್ತ ಮಳೆ ಸುರಿಯುತ್ತಲೇ ಇತ್ತು.

ಆಮೇಲೆ ವೈರಿಂಗಿನ ಮೇಲಿನ ಟೇಪ್ ಬಿಚ್ಚುತ್ತಾ ಹೋದೆ. ಗೇರ್‌ಬಾಕ್ಸಿನ ಹಿಂಬದಿ, ಮೋಟಾರ್ ಕಪ್ಲರಿನಿಂದ ಒಂದು ಗೇಣು ಈಚೆ, ನೀಲಿ ಪ್ಲಾಸ್ಟಿಕ್ಕಿನ ಮೇಲೆ ಸಾಸಿವೆ ಕಾಳಿನಷ್ಟು ಚಿಕ್ಕ ಉಬ್ಬು. ಉಗುರಿನಲ್ಲಿ ಒತ್ತಿದರೆ ಒಂದು ಹನಿ ಹಸಿರು ನೀರು ಹೊರಬಂತು. ಬ್ಲೇಡಿನಲ್ಲಿ ಸೀಳಿದೆ. ಒಳಗೆ ತಾಮ್ರ ಇರಲಿಲ್ಲ, ಹಸಿರು ಹಿಟ್ಟು. ಅದರ ಮಧ್ಯ ಕಪ್ಪಗಾದ ಮೂರೋ ನಾಲ್ಕೋ ಎಳೆ. ಫೋಟೋ ಹಾಕಿದ್ದೇನೆ.

ಅದು ಚುಚ್ಚಿದ ತೂತು. ಯಾರೋ ಟೆಸ್ಟ್ ಲ್ಯಾಂಪಿನ ಸೂಜಿ ಚುಚ್ಚಿದ್ದಾರೆ. ಯಾಕೆ ಅಂತ ತಲೆ ಕೆರೆದುಕೊಂಡೆ. ಪಕ್ಕದ ವೈರುಗಳನ್ನೂ ನೋಡಿದಾಗ ಗೊತ್ತಾಯಿತು. ರಿವರ್ಸ್ ಲೈಟ್ ಸ್ವಿಚ್ಚಿನ ವೈರೂ ಅದೇ ಕಟ್ಟಿನಲ್ಲಿ ಹೋಗುತ್ತದೆ, ಅದರಲ್ಲೂ ಅಂಥದ್ದೇ ತೂತು. ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ರಿವರ್ಸ್ ಕ್ಯಾಮೆರಾ ಹಾಕಿಸಿದ್ದೆ. ರಿವರ್ಸ್ ವೈರ್ ಯಾವುದು ಅಂತ ಹುಡುಕುತ್ತಾ ಅವರು ಒಂದೊಂದಕ್ಕೂ ಚುಚ್ಚಿರಬೇಕು. ಯಾವ ಅಂಗಡಿ ಅಂತ ಕೇಳಬೇಡಿ, ಹೇಳುವುದಿಲ್ಲ.

ಗೋಣಿಕೊಪ್ಪ ವೈರ್‌ಮನ್, ಜುಲೈ 12, ರಾತ್ರಿ 8.45

ಅವರನ್ನು ಬೈಯಲು ನನಗೆ ಬಾಯಿಲ್ಲ. ಕೆಲಸ ಕಲಿಯುವಾಗ ನಾನೂ ಎಷ್ಟು ಗಾಡಿಗೆ ಚುಚ್ಚಿದ್ದೇನೋ. ಒಣ ಊರಿನಲ್ಲಿ ಅಂಥ ತೂತು ವರ್ಷಗಟ್ಟಲೆ ಏನೂ ಮಾಡದೆ ಇರಬಹುದು. ನಮ್ಮಲ್ಲಿ ಚಕ್ರ ಎರಚುವ ಕೆಸರುನೀರು ನಾಲ್ಕು ತಿಂಗಳು ಅದೇ ಜಾಗಕ್ಕೆ ಬೀಳುತ್ತದೆ. ಎಳೆಗಳ ನಡುವಿನ ಸಂದಿ ನೀರನ್ನು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಒಳಗೆ ಎಳೆಯುತ್ತದೆ.

ಮಧ್ಯಾಹ್ನ ಸರಿಯಾಗುತ್ತಿದ್ದುದೂ ಅದಕ್ಕೇ. ಸ್ವಲ್ಪ ಓಡಿದ ಮೇಲೆ ಗೇರ್‌ಬಾಕ್ಸ್, ಸೈಲೆನ್ಸರ್ ಕಾವಿಗೆ ವೈರ್ ಒಣಗುತ್ತದೆ. ಟ್ರಾನ್ಸ್‌ಫರ್ ಕೇಸಿನ ಎಣ್ಣೆಯೂ ತೆಳುವಾಗುತ್ತದೆ, ಮೋಟಾರಿಗೆ ಭಾರ ಕಡಿಮೆ. ಬೆಳಿಗ್ಗೆ ಎರಡೂ ಉಲ್ಟಾ.

ಈಗ ರಿಪೇರಿ. ತೂತಿನ ಮೇಲೆ ಟೇಪ್ ಸುತ್ತಿ ಕೈತೊಳೆದುಕೊಳ್ಳಬೇಡಿ. ಕಿಲುಬು ಎರಡೂ ಕಡೆ ಒಳಗೆ ತೆವಳಿರುತ್ತದೆ. ತಾಮ್ರ ಹೊಸ ಚೊಂಬಿನ ಹಾಗೆ ಹೊಳೆಯುವ ತನಕ ಕತ್ತರಿಸುತ್ತಾ ಹೋಗಿ. ಅಷ್ಟೇ ದಪ್ಪದ ವೈರ್ ತುಂಡು ಸೇರಿಸಿ. ಒಳಗೆ ಅಂಟು ಸವರಿದ, ಕಾಯಿಸಿದರೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಸಿಗುತ್ತದೆ, ಅದನ್ನೇ ಹಾಕಿ. ಕಾಯಿಸಿದಾಗ ಎರಡೂ ತುದಿಯಲ್ಲಿ ಅಂಟು ಇಣುಕಬೇಕು. ಕಟ್ಟಿನಲ್ಲಿ ಎಲ್ಲ ಜಾಯಿಂಟೂ ಒಂದೇ ಕಡೆ ಬಾರದ ಹಾಗೆ ಹಿಂದೆ ಮುಂದೆ ಮಾಡಿ. ರಿವರ್ಸ್ ವೈರಿಗೂ ಇದೇ. ಬ್ಯಾಟರಿ ನೆಗೆಟಿವ್ ತೆಗೆದು ಕೆಲಸ ಮಾಡಿ.

ಮಕ್ಕಂದೂರು ಬದಿಯವ, ಜುಲೈ 14, ಸಂಜೆ 6.10

ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ ಅನಿಸಿ ಅಣ್ಣನ ಅಂಗಡಿಗೇ ಒಯ್ದೆ. ಹೊಳೆಯುವ ತಾಮ್ರ ಸಿಗಲು 14 ಸೆಂಟಿಮೀಟರ್ ಕತ್ತರಿಸಬೇಕಾಯಿತು. ಎಲ್ಲ ಸೇರಿ 850 ರೂಪಾಯಿ ತೆಗೆದುಕೊಂಡರು, ಊಟವನ್ನೂ ಅವರೇ ಹಾಕಿಸಿದರು. ಈಗ ನೀಲಿ ವೈರಿನಲ್ಲೂ 0.2 ವೋಲ್ಟ್.

ಮೈಸೂರು ಸವಾರ, ಜುಲೈ 14, ರಾತ್ರಿ 7.00

ಟೈರ್ ಮರೆಯಬೇಡಿ.

ಮಕ್ಕಂದೂರು ಬದಿಯವ, ಸೆಪ್ಟೆಂಬರ್ 5, ರಾತ್ರಿ 9.05

ಎರಡು ತಿಂಗಳಾಗುತ್ತಾ ಬಂತು, ಹೇಳಿಬಿಡೋಣ ಅಂತ ಬಂದೆ. ಆಗಸ್ಟ್‌ನಲ್ಲಿ ಒಂದೇ ರಾತ್ರಿ 7 ಇಂಚು ಹೊಡೆದ ದಿನವೂ ಮೊದಲ ಸಲಕ್ಕೇ ಬಿತ್ತು. ಮಕ್ಕಳಿಗೆ ಈಗ ಬಸ್ ತಪ್ಪಿಸಲು ನೆಪ ಇಲ್ಲ. ಹಿಂದಿನ ಟೈರ್ ಎರಡೂ ಬದಲಿಸಿದೆ, ಮೈಸೂರು ಸಾರ್. ಮಳೆ ನಿಂತ ಮೇಲೂ ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ಫೋರ್ ಹೈ ಹಾಕಿ ಓಡಿಸುತ್ತೇನೆ. ಕೆಲವು ಗಾಡಿಗಳ ಪುಸ್ತಕದಲ್ಲಿ ತಿಂಗಳಿಗೆ 16 ಕಿಲೋಮೀಟರ್ ಅಂತಲೇ ಇರುತ್ತದೆ, ಒಳಗೆಲ್ಲ ಎಣ್ಣೆ ಆಡಲಿ ಅಂತ.

ಮೊನ್ನೆ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಕೋವಿ, ಕತ್ತಿ ಇಟ್ಟು ತೋಕ್ ಪೂ (ಕೋವಿ ಹೂವು) ಏರಿಸುವಾಗ ಪಕ್ಕದಲ್ಲಿ ಮಲ್ಟಿಮೀಟರನ್ನೂ ಇಟ್ಟೆ. ಅವ್ವ ಇದೇನು ಅಂದರು. 54 ಸಾವಿರ ಉಳಿಸಿದ ಆಯುಧ ಅಂದೆ. ಅದಕ್ಕೂ ಒಂದು ಹೂವು ಸಿಕ್ಕಿತು.

ಇನ್ನೊಂದು ಹೊಟ್ಟೆ ಉರಿಸುವ ವಿಷಯ. ಕಳೆದ ವರ್ಷ ಬಿಚ್ಚಿದ ಹಳೇ ಮೋಟಾರನ್ನು ಕೇಳಿ ಇಸ್ಕೊಂಡು ಬಂದಿದ್ದೆ, ಅಟ್ಟದ ಮೇಲೆ ಗೋಣಿಯಲ್ಲಿತ್ತು. ನಿನ್ನೆ ಇಳಿಸಿ ಬ್ಯಾಟರಿಗೆ ಕೊಟ್ಟು ನೋಡಿದೆ. ಆ ಕಡೆಗೂ ತಿರುಗುತ್ತದೆ, ಈ ಕಡೆಗೂ ತಿರುಗುತ್ತದೆ, ಹೊಸದರ ಹಾಗೆ.

ಕಾಳುಮೆಣಸು, ಸೆಪ್ಟೆಂಬರ್ 5, ರಾತ್ರಿ 9.12

31 ಸಾವಿರದ ಸದ್ದು ಹೇಗಿತ್ತು?

ಮಕ್ಕಂದೂರು ಬದಿಯವ, ಸೆಪ್ಟೆಂಬರ್ 5, ರಾತ್ರಿ 9.14

ಝುಂಯ್.

ಶ್ರೀಮಂಗಲದ ಸೊಸೆ, ಸೆಪ್ಟೆಂಬರ್ 5, ರಾತ್ರಿ 9.40

ಅಣ್ಣ, ಆ ಹಳೇ ಮೋಟಾರ್ ಮಾರುತ್ತೀರಾ? ನಿಮ್ಮ ಫೋಟೋದಲ್ಲಿ ಕಾಣುವ ಗಾಡಿಯೇ ನಮ್ಮದೂ. ನಮ್ಮದರ ಮೋಟಾರ್ ಬಿಚ್ಚಿದಾಗ ಒಳಗೆ ಗೇರಿನ ಹಲ್ಲೇ ಮುರಿದಿತ್ತು, ಯಜಮಾನರು ಈಗ ಸುಮ್ಮನೆ ಕೂತಿದ್ದಾರೆ.

ಮಕ್ಕಂದೂರು ಬದಿಯವ, ಸೆಪ್ಟೆಂಬರ್ 5, ರಾತ್ರಿ 9.48

ಮಾರುವುದೇನು ಅಕ್ಕ, ಸುಮ್ನೆ ಇಟ್ಟುಕೊಂಡು ನಾನೇನು ಮಾಡಲಿ. ಮುಂದಿನ ಸಂತೆ ದಿನ ಗೋಣಿಕೊಪ್ಪಕ್ಕೆ ಬರುತ್ತೇನೆ, ವೈರ್‌ಮನ್ ಅಣ್ಣನ ಅಂಗಡಿಯಲ್ಲಿ ಕೊಟ್ಟಿರುತ್ತೇನೆ. ಅಡುಗೆ ಹುಳಿಗೆ ಒಂದು ಬಾಟಲಿ ಒಳ್ಳೇ ಕಾಚಂಪುಳಿ ಇದ್ದರೆ ತನ್ನಿ.